ಸೊಲೊಮೋನನ ಹಡಗಿನ ನವಿಲಿನ ಬಗ್ಗೆ ನನ್ನ ತಪ್ಪೊಪ್ಪಿಗೆ

ಮಹಾಘನತೆವೆತ್ತ ನಮ್ಮ ಮಾಸ್ಟ್ರೇ,

ನೀವು ಹೋಗಿ ಆರು ವಾರವಾಯಿತು. ಈ ಶನಿವಾರವೂ ಯೂನಿಯನ್ ಸಿಟಿಯಲ್ಲಿ ರೈಲು ಹತ್ತಿ ಬರ್ಕ್ಲಿಯ ಲೈಬ್ರರಿಗೆ ಹೊರಟೆ, ಒಬ್ಬನೇ. ಕಿಟಕಿ ಪಕ್ಕದ ನಿಮ್ಮ ಸೀಟಿಗೆ ನನಗೆ ಬಡ್ತಿ ಸಿಕ್ಕಿದೆ. ಕೂತು ಏನು ಮಾಡಲಿ?

ಮೊದಲ ಸಲ ನೀವು ಆ ಪದ ಹೇಳಿದ್ದು ಅದೇ ರೈಲಿನಲ್ಲಿ. ತುಕ್ಕಿಯೀಮ್. ಸೊಲೊಮೋನ ರಾಜನ ಹಡಗುಗಳು ಚಿನ್ನ, ಬೆಳ್ಳಿ, ದಂತ, ಕಪಿಗಳ ಜೊತೆ ತರುತ್ತಿದ್ದ ಒಂದು ಪ್ರಾಣಿಗೆ ಹೀಬ್ರೂ ಬೈಬಲಿನಲ್ಲಿರುವ ಹೆಸರು. ಅದು ನವಿಲು, ಪದ ಬಾಲ ಎಂಬರ್ಥದ ನಮ್ಮ ಕಡೆಯ ‘ತೋಕೆ’ಯಿಂದಲೋ ತಮಿಳಿನ ‘ತೋಗೈ’ಯಿಂದಲೋ ಹೋದದ್ದು ಎಂದು ಕೆಲವರು, ಅಲ್ಲ, ಅದೂ ಒಂದು ಜಾತಿಯ ಕಪಿಯೇ ಎಂದು ಕೆಲವರು. “ನಮ್ಮ ಮಾತು ಅಲ್ಲಿ ಉಂಟು ಅಂದ್ರೆ ಯಾರಿಗೆ ಖುಷಿ ಇಲ್ಲ? ಖುಷಿ ಆಗ್ತದೆ ಅಂತಲೇ ನಂಗೆ ಹೆದರಿಕೆ ಮಾರಾಯ” ಎಂದಿರಿ. ಮಂಗಳೂರಿನಲ್ಲಿ ಪಾದ್ರಿಗಳಾಗುವವರಿಗೆ ಹೀಬ್ರೂ ಕಲಿಸಿದ ನೀವು, ಎದುರು ಪಕ್ಷದ ವಾದವನ್ನೇ ಮೊದಲು ಟಿಪ್ಪಣಿ ಕಾರ್ಡಿನಲ್ಲಿ ಬರೆಯುತ್ತಿದ್ದಿರಿ. ಅದಕ್ಕೆ ಉತ್ತರ ಸಿಗುವವರೆಗೆ ನಿಮ್ಮ ವಾದದ ಕಾರ್ಡು ಖಾಲಿ.

ಅದನ್ನು ಕಂಡೇ ನನಗೆ ಕಿಡಿಗೇಡಿತನ ಹತ್ತಿದ್ದು. ಮೆನ್ಲೋ ಪಾರ್ಕಿನಲ್ಲಿ ಅಣ್ಣನ ಆಫೀಸಿನ ಟೈಪ್‌ರೈಟರಿನಲ್ಲಿ, ಅವನದೇ ವಿಳಾಸ ಹಾಕಿ, ‘ಉತ್ತರ ಅಮೆರಿಕ ಕಪಿಗೌರವ ಸಂರಕ್ಷಣಾ ಸಭೆ’ಯ ಕಾರ್ಯದರ್ಶಿಯಾಗಿ ನಿಮಗೆ ಪ್ರತಿಭಟನಾ ಪತ್ರ ಕಳಿಸಿದೆ. “ಬೈಬಲಿನ ಪಟ್ಟಿಯಲ್ಲಿ ಕಪಿಗಳ ಬೆನ್ನಿಗೇ ಬರುವವರು ಕಪಿಗಳ ಬಂಧುಗಳಲ್ಲದೆ ಇನ್ಯಾರು, ಮಹಾಶಯರೇ?” ನಕ್ಕು ನನ್ನ ಕಿವಿ ಹಿಂಡುತ್ತೀರಿ ಎಂದುಕೊಂಡಿದ್ದೆ. ನೀವೋ, ಅಣ್ಣನ ವಿಳಾಸಕ್ಕೆ, ಸಭೆಯ ಹೆಸರಿಗೆ ನಾಲ್ಕು ಪುಟದ ಕಾಗದ ಬರೆದಿರಿ. ಹೇಳಿಬಿಡೋಣ, ಮುಂದಿನ ಶನಿವಾರ ಹೇಳೋಣ ಅಂತ ನಾನು... ಅಷ್ಟರಲ್ಲಿ ನೀವು ಆಸ್ಪತ್ರೆ ಸೇರಿದಿರಿ, ಮನೆಗೆ ಮರಳಲಿಲ್ಲ.

ಮೊನ್ನೆ ಮಹಡಿ ಮೇಲಿನ ನನ್ನ ಮನೆಯಿಂದ ಇಳಿದು ನಿಮ್ಮಲ್ಲಿಗೆ ಬಂದರೆ, ನಿಮ್ಮ ಮಗಳು ಗ್ರೇಸಕ್ಕ ಕಾರ್ಡುಗಳನ್ನೆಲ್ಲ ನಿಮ್ಮ ಹಳೆಯ ಶಿಷ್ಯರಿಗೆ ಕಳಿಸಲು ಪೆಟ್ಟಿಗೆಗೆ ತುಂಬುತ್ತಿದ್ದರು. ಒಂದರಲ್ಲಿ ನನ್ನ ಸಭೆಯ ಹೆಸರು! ಕೆಳಗೆ ನಿಮ್ಮ ಅಕ್ಷರ: “ಗಟ್ಟಿಯಾದ ಆಕ್ಷೇಪ. ನನಗಿನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.” ಶಿಷ್ಯರು ನಿಮ್ಮನ್ನು ನೋಡಿ ನಗುವುದಿಲ್ಲವೇ? ಬಾಯಿಬಿಟ್ಟೆ.

“ನೀನಾ?” ಗ್ರೇಸಕ್ಕ ಕೂತುಬಿಟ್ಟರು. “ಆ ಕಾಗದ ಬಂದ ದಿನ ಅಪ್ಪ ಎರಡು ಸಲ ಅನ್ನ ಹಾಕಿಸ್ಕೊಂಡ್ರು, ಗೊತ್ತುಂಟಾ? ‘ಈ ದೇಶದಲ್ಲಿ ಇದನ್ನ ಯೋಚಿಸುವ ಇನ್ನೊಬ್ಬ ಮನುಷ್ಯ ಇದ್ದಾನೆ ಗ್ರೇಸಿ’ ಅಂದ್ರು.”

ಮಾಸ್ಟ್ರೇ, ಪ್ರತಿ ಶನಿವಾರ ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ. ಆದರೆ ನಾನಾದರೂ ಯಾವತ್ತು ನಗದೆ ಒಂದು ಪ್ರಶ್ನೆ ಕೇಳಿದ್ದೆ?

ಕಾರ್ಡು ಹರಿಯಲು ಗ್ರೇಸಕ್ಕ ಬಿಡಲಿಲ್ಲ. “ಹೆಸರು ಸುಳ್ಳು. ಪ್ರಶ್ನೆ ಸುಳ್ಳಲ್ಲವಲ್ಲ?” ಎಂದರು. ಸಭೆಯ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದೆ. ಇಂದು ಬೆಳಿಗ್ಗೆ ಪೆಟ್ಟಿಗೆ ಮಂಗಳೂರಿಗೆ ಹೊರಟಿತು. ಅದನ್ನು ಕಳಿಸಿ ಬಂದು ನಿಮ್ಮ ನಾಲ್ಕು ಪುಟ ಬಿಚ್ಚಿದೆ. ಎರಡನೆಯ ಪುಟವನ್ನು ನಾನು ಒಪ್ಪುವುದಿಲ್ಲ, ಯಾಕೆಂದು ಬರೆಯುತ್ತಿದ್ದೇನೆ. ಆ ಇನ್ನೊಬ್ಬ ಮನುಷ್ಯ ಇದ್ದಾನೆ ಮಾಸ್ಟ್ರೇ, ನಿಮ್ಮ ಮೇಲಿನ ಮಹಡಿಯಲ್ಲಿ.

ನಿಮ್ಮ,
ಶ್ರೀಧರ