ಲೈನ್‌ಮನ್ ಮನೆಗೆ ಇನ್ವರ್ಟರ್

ಏಪ್ರಿಲ್ 11

ಬೆಳಿಗ್ಗೆಯಿಂದ ಮೂರನೇ ಸಲ ಕರೆಂಟ್ ಹೋಯಿತು. ಅತ್ತೆಯ ಆಕ್ಸಿಜನ್ ಮಷಿನ್ ನಿಂತ ಕೂಡಲೇ ಕುಂಯ್ ಅಂತ ಕೂಗಿಕೊಳ್ಳುತ್ತದೆ. ಅದು ಕೂಗಿ ಮುಗಿಸುವುದರೊಳಗೆ ಒಲೆ ಆರಿಸಿ ಓಡಿದ್ದೆ. ಮೂಗಿನ ನಳಿಗೆ ಕಿತ್ತು ಸಣ್ಣ ಸಿಲಿಂಡರಿಗೆ ಸಿಕ್ಕಿಸು, ಕೀಲಿ ತಿರುಗಿಸು, ಬೆನ್ನಿಗೆ ದಿಂಬು ಕೊಡು... ಅತ್ತೆ ಕೌಸಲ್ಯಾಬಾಯಿ ಏದುಸಿರಿನ ನಡುವೆಯೂ ನನಗೇ ಬುದ್ಧಿ ಹೇಳುತ್ತಾರೆ: "ಓಡಬ್ಯಾಡ ಮಾಯಾ, ಬೀಳ್ತಿ."

ಸಿಲಿಂಡರಿನದು ಸ್ವಲ್ಪ ಹೊತ್ತಿನ ಆಟ. ತುಂಬಿಸಬೇಕೆಂದರೆ ಔರಾದದಿಂದ ಬೀದರಿಗೇ ಹೋಗಬೇಕು. ಆಸ್ಪತ್ರೆಯಿಂದ ಕಳಿಸುವಾಗಲೇ ಡಾಕ್ಟರು ಹೇಳಿದ್ದರು — ಮಷಿನ್ ನಿಲ್ಲಬಾರದು, ಮನೆಯಲ್ಲಿ ಬ್ಯಾಕಪ್ ಮಾಡಿಕೊಳ್ಳಿ, ಆಗದಿದ್ದರೆ ಇಲ್ಲೇ ಬಿಡಿ.

ಬ್ಯಾಕಪ್ ಅಂದರೆ ಇನ್ವರ್ಟರ್. ಇನ್ವರ್ಟರ್ ಅಂದರೆ ನಮ್ಮ ಮನೆಯಲ್ಲಿ ಜಗಳ. ಯಾಕೆಂದರೆ ಗಂಡ ಲೈನ್‌ಮನ್.

"ಲೈನಮನ್ ಮನ್ಯಾಗ ಇನ್ವರ್ಟರ್? ಓಣ್ಯಾಗೆಲ್ಲ ಕತ್ತಲಿ, ನಮ್ಮಲ್ಲಿ ಝಗಝಗ. ಮಂದಿ ಏನಂತಾರ? ತಾನ ಕರೆಂಟ್ ತಗದು ತಾನ ಬೆಳಕಿನ್ಯಾಗ ಕುಂತಾನಂತಾರ."

"ಅಂದ್ರ ಅನ್ಲಿ ಬಿಡ್ರಿ."

"ನಾ ಇದ್ದೇನಲ್ಲ. ಹೋದ್ರ ಹತ್ತ ನಿಮಿಷದಾಗ ತರ್ತೇನಿ."

ತರುತ್ತಾರೆ, ಸುಳ್ಳಲ್ಲ. ಮಚ್ಛೇಂದ್ರ ಕಂಬ ಹತ್ತಿದರೆ ಕರೆಂಟ್ ಬಂದಂತೆಯೇ ಅಂತ ಊರೇ ಹೇಳುತ್ತದೆ. ಆದರೆ ಹತ್ತು ನಿಮಿಷ ಮೂಗು ಹಿಡಿದು ಕೂತು ನೋಡಲಿ ಒಮ್ಮೆ. ಸಿಟ್ಟು ಬಂತು. ಪಲ್ಯಕ್ಕೆ ಖಾರ ಜಾಸ್ತಿ ಹಾಕಿದೆ.

ಏಪ್ರಿಲ್ 14, ಸಂಜೆ

ಬಾಬಾಸಾಹೇಬರ ಜಯಂತಿ. ಅತ್ತೆಗೆ ಬಿಳಿ ಸೀರೆ ಉಟ್ಟು ಮೆರವಣಿಗೆ ನೋಡುವ ಆಸೆ. ನಳಿಗೆ ಉದ್ದ ಮಾಡಿ ಬಾಗಿಲ ತನಕ ತಂದು ಕೂರಿಸಿದೆ.

ಟ್ರ್ಯಾಕ್ಟರಿನ ಮೇಲೆ ಎತ್ತರದ ಕಟೌಟ್. ತಂತಿಗೆ ತಾಗಬಾರದೆಂದು ಪ್ರತಿ ವರ್ಷವೂ ಮೆರವಣಿಗೆ ಹಾಯುವ ತನಕ ಲೈನ್ ಬಂದ್. ಬಂದ್ ಮಾಡುವವರು ಇವರೇ. ಬಿದಿರು ಕೋಲು ಹಿಡಿದು ತಂತಿ ಎತ್ತುತ್ತಾ ಮುಂದೆ ನಡೆಯುವವರೂ ಇವರೇ.

ಗೊತ್ತಿದ್ದ ವಿಷಯ. ಸಿಲಿಂಡರ್ ತಯಾರಿಟ್ಟಿದ್ದೆ. ಆದರೆ ಮೆರವಣಿಗೆ ಚೌಕದಲ್ಲಿ ಕುಣಿಯುತ್ತಾ ನಿಂತೇಬಿಟ್ಟಿತು. ಸಿಲಿಂಡರಿನ ಮುಳ್ಳು ಕೆಂಪಿಗೆ ಬಂತು. ಡಿಜೆ ಸದ್ದಿನಲ್ಲಿ ಇವರು ಫೋನ್ ಎತ್ತಲಿಲ್ಲ. ಅತ್ತೆಯ ತುಟಿ ನೀಲಿಗಟ್ಟತೊಡಗಿತು. ಗೋಡೆ ಬಡಿದು ಕೂಗಿದೆ. ಪಕ್ಕದ ಮನೆಯ ಆಬೇದಾ ಚಪ್ಪಲಿ ಕೂಡ ಮೆಟ್ಟದೆ ಗದ್ದಲದಲ್ಲಿ ನುಗ್ಗಿ, ಇವರ ಅಂಗಿ ಹಿಡಿದು ಜಗ್ಗಿದಳಂತೆ. ಕಟೌಟ್ ಇದ್ದಲ್ಲೇ ನಿಲ್ಲಿಸಿ ಲೈನ್ ಕೊಟ್ಟರು.

ಆಮೇಲೆ ಬಂದು ತಾಯಿಯ ಕಾಲ ಬಳಿ ಕೂತರು. ಬೆವರು.

"ನಾ ತರ್ತೇನಿ ಇನ್ವರ್ಟರ್. ನಿಮಗ ನಾಚ್ಕಿ ಬಂದ್ರ ಮಾರಿ ಮ್ಯಾಲ ಟವೆಲ್ ಹಾಕ್ಕೊಂಡ ಅಡ್ಡಾಡ್ರಿ," ಅಂದೆ.

ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ನನಗೆ ಅಷ್ಟು ಸಾಕು.

ಏಪ್ರಿಲ್ 16

ಭಾಲ್ಕಿಯಿಂದ ಅಣ್ಣ ಉತ್ತಮ ತನ್ನ ಹಳೇ ಇನ್ವರ್ಟರ್, ಬ್ಯಾಟರಿ ಎರಡನ್ನೂ ಟಂಟಂನಲ್ಲಿ ಹೇರಿಕೊಂಡು ಬಂದ.

"ಹೊಸಾದು ಯಾಕ ತಂಗಿ? ಇದರ ಮ್ಯಾಲ ನಮ್ಮ ಮನ್ಯಾಗ ನಾಕ ಫ್ಯಾನ್ ಓಡ್ಯಾವ."

ಮಷಿನ್ ಸಿಕ್ಕಿಸಿದೆವು. ಗರ್ರ್... ಎಮ್ಮೆ ನರಳಿದ ಹಾಗೆ. ಎರಡೇ ನಿಮಿಷಕ್ಕೆ ಕೆಂಪು ದೀಪ. ಮಷಿನ್ ಕಂಪನಿಗೆ ಫೋನ್ ಹಚ್ಚಿದೆ. ಮೋಟಾರ್ ಇರುವ ಸಾಮಾನಿಗೆ ಇದು ನಡೆಯುವುದಿಲ್ಲ ಮೇಡಂ, ಪ್ಯೂರ್ ಸೈನ್‌ವೇವ್ ಅಂತ ಬರೆದದ್ದನ್ನೇ ತಗೊಳ್ಳಿ ಅಂದಳು ಅಲ್ಲಿಯ ಹುಡುಗಿ. ಅಣ್ಣನ ಮುಖ ಸಣ್ಣದಾಯಿತು. ಪಾಪ, ಪ್ರೀತಿಯಿಂದ ತಂದದ್ದು. ಊಟ ಮಾಡಿಸಿ, ಸಾಮಾನು ಸಮೇತ ವಾಪಸ್ ಕಳಿಸಿದೆ.

ನಾನು ಕಲಿಸುವ ಸಂತಪುರದ ಶಾಲೆಗೆ ರಜೆ. ಮಕ್ಕಳಿಗೆ ಕಲಿಸುವ ಭಾಗಾಕಾರ ನನಗೇ ಕೆಲಸಕ್ಕೆ ಬಂತು. ಮಷಿನ್ ಬೆನ್ನ ಮೇಲೆ ಬರೆದಿದೆ — 350 ವ್ಯಾಟ್. 150 ಎಎಚ್ ಬ್ಯಾಟರಿ ಒಂದಾದರೆ ಕಾಗದದ ಮೇಲೆ ಐದು ತಾಸು. ನಿಜವಾಗಿ ಮೂರೂವರೆ ಬಂದರೆ ಪುಣ್ಯ. ಬೇಸಿಗೆಯ ಗಾಳಿಗೆ ಕಂಬ ಬಿದ್ದರೆ ಮೂರೂವರೆಯಲ್ಲಿ ಏನಾಗುತ್ತದೆ? ಎರಡು ಬೇಕು. ಹೆಚ್ಚು ಬಾಳುವ ಟ್ಯೂಬುಲರ್ ಬೇಕು. ಬಳೆ ಮಾರಿದರೂ ಸರಿ.

ಏಪ್ರಿಲ್ 18

ಅತ್ತೆಯನ್ನು ಬೀದರಿನ ಡಾಕ್ಟರಿಗೆ ತೋರಿಸುವ ದಿನ. ಬಾಡಿಗೆ ಕಾರಿನಲ್ಲಿ ಅತ್ತೆ, ತುಂಬಿಸಿ ತರಿಸಿದ ಸಿಲಿಂಡರ್, ಹಿಂದೆ ಡಿಕ್ಕಿಯಲ್ಲಿ ಮಷಿನ್. ಡಾಕ್ಟರರದು ಮುಗಿಸಿ ನೌಬಾದದ ಮುಸ್ತಕೀಮನ ಬ್ಯಾಟರಿ ಅಂಗಡಿಗೆ.

"ಎಷ್ಟ ಫ್ಯಾನ್ ಅಕ್ಕಾ, ಎಷ್ಟ ಲೈಟ್?"

"ಒಂದೂ ಇಲ್ರಿ."

"ಮತ್ತ?"

ಕಾರಿನ ಕಡೆ ಕೈ ಮಾಡಿದೆ. "ನಮ್ಮ ಅತ್ತಿ."

ಅರ್ಥವಾಗುವ ತನಕ ಕಣ್ಣು ಪಿಳಿಪಿಳಿ ಬಿಟ್ಟ. ಇಲ್ಲೇ ಮಷಿನ್ ಹಚ್ಚಿ ನೋಡಿ ತಗೋತೇನಿ ಅಂದೆ. "ಹಂಗ ಯಾರೂ ನೋಡಂಗಿಲ್ರಿ ಅಕ್ಕಾ. ವಾರಂಟಿ ಅದ. ಬಿಲ್ಕುಲ್ ಫಿಕರ್ ನಕ್ಕೋ, ಚಿಂತಿ ಬ್ಯಾಡ."

"ವಾರಂಟಿ ಮೂಗಿಗಿ ಹಚ್ಕೊಳ್ಳಾಕ ಬರ್ತದೇನ್ರಿ?"

ಕುರ್ಚಿ ಹಾಕಿದ. ಅತ್ತೆ ಅಂಗಡಿಯ ನಟ್ಟನಡುವೆ ಮೂಗಿಗೆ ನಳಿಗೆ ಹಾಕಿಕೊಂಡು ರಾಣಿಯ ಹಾಗೆ ಕೂತರು. ಮೊದಲು ಹಚ್ಚಿದ್ದು ಸ್ವಲ್ಪ ಹೊತ್ತಿಗೇ ಬೀಪ್ ಬೀಪ್. ಪ್ರದರ್ಶನಕ್ಕೆ ಇಟ್ಟ ಹಳೇ ಬ್ಯಾಟರಿಯಂತೆ. ಥೂ! ಅದನ್ನೇ ಕಟ್ಟಿ ಕಳಿಸಿದ್ದರೆ? ಹೊಸ ಪೆಟ್ಟಿಗೆ ನನ್ನ ಕಣ್ಣೆದುರೇ ಒಡೆಸಿದೆ. ಎರಡು ಬ್ಯಾಟರಿ, ಎರಡು ಬ್ಯಾಟರಿಗೆ ಹೊಂದುವ ಪ್ಯೂರ್ ಸೈನ್‌ವೇವ್. ಚಾರ್ಜ್ ಪೂರ್ತಿ ಇದೆಯೋ ಅಂತ ಮೀಟರ್ ಹಚ್ಚಿ ನೋಡಿದೆವು. ಮತ್ತೆ ಕೂತೆವು.

ಮೇಲಿನ ಮನೆಯಿಂದ ಮುಸ್ತಕೀಮನ ತಾಯಿ ಖತೀಜಾ ಬೇಗಂ ಖಿಚಡಿ, ಹುಣಸೆಹುಳಿಯ ಖಟ್ಟಾ ಕಳಿಸಿದರು. ಅತ್ತೆ ಉಂಡು, ಕೂತಲ್ಲೇ ನಿದ್ದೆ ಹೊಡೆದು ಎದ್ದರು. ಯಾರೋ ಗಿರಾಕಿ ಅವರನ್ನೇ ಕೇಳಿದ, "ಅಮ್ಮಾ, ಈ ಬ್ಯಾಟರಿ ಹ್ಯಾಂಗದ?"

"ಛಲೋ ಅದ. ಉಸರ ಬರ್ಲಕತ್ತದ ನೋಡಪ್ಪ."

ಅವನೂ ಅದನ್ನೇ ಕೊಂಡ. ಸಂಜೆ ಅಸರ್ ಆಜಾನ್ ಆಗುವ ತನಕ ಮಷಿನ್ ಒಂದೇ ಸಮನೆ ಓಡಿತು. ಆಗ ದುಡ್ಡು ಕೊಟ್ಟೆ. ನಗು ತಡೆಯಲಾಗಲಿಲ್ಲ, ದಾರಿಯುದ್ದಕ್ಕೂ ಅತ್ತೆ-ಸೊಸೆ ನಕ್ಕೆವು.

ಏಪ್ರಿಲ್ 20

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಕಲೀಮ ಬಂದ. ಇವರು ಡ್ಯೂಟಿಗೆ ಹೋಗಿದ್ದರು.

"ಇಷ್ಟ ದೊಡ್ಡ ಬ್ಯಾಟರಿ ಬರೇ ಒಂದ ಮಷಿನಿಗೇನ್ರಿ ಟೀಚರ್? ಇಡೀ ಮನಿ ಲೈನಿಗಿ ಜೋಡಸ್ತೇನಿ. ಬೋರ್ಡನ್ಯಾಗ ಎರಡ ವಾಯರ್ ಕೂಡಿಸಿದ್ರ ಆಯ್ತು."

ಫ್ಯಾನೂ ತಿರುಗಲಿ ಅನಿಸಿತು. ಹೂಂ ಅಂದೆ.

ಅಷ್ಟರಲ್ಲಿ ಇವರು ಬಂದರು. ತೆರೆದ ಬೋರ್ಡು ನೋಡಿದರು. ಕಲೀಮನ ಕೈಯಿಂದ ತಂತಿ ಕತ್ತರಿಸುವ ಪಕ್ಕಡ್ ಕಸಿದು ವೈರುಗಳನ್ನು ಕಿತ್ತು ಎಸೆದರು. "ನಾ ಜೀವಂತ ಇರೂತನಕ ಈ ಮನ್ಯಾಗ ಇದು ಆಗಂಗಿಲ್ಲ!" ಓಣಿಗೆಲ್ಲ ಕೇಳುವ ಹಾಗೆ. ಕಲೀಮ ಚೀಲ ಎತ್ತಿಕೊಂಡು ಹೋದ. ನಾನೂ ಸುಮ್ಮನಿರಲಿಲ್ಲ. ತಾಯಿಯ ಉಸಿರಿಗಿಂತ ನಿಮ್ಮ ಮರ್ಯಾದೆ ದೊಡ್ಡದೇನು ಅಂತ ಅಂದುಬಿಟ್ಟೆ. ಬೈಕ್ ಹತ್ತಿ ಹೋದರು.

ಅತ್ತೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅಶ್ವಜಿತ ಕಾಲ ಜಾರಿ ಬಿದ್ದಿಲ್ಲ ಮಾಯಾ."

ಅಶ್ವಜಿತ ಇವರ ಜೋಡಿ ಲೈನ್‌ಮನ್. ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡವನು. ಕಮಲನಗರದ ಕಡೆ ಕಂಬದಿಂದ ಬಿದ್ದು ಸತ್ತ. ಕಾಲು ಜಾರಿತು ಅಂತಲೇ ಇವರು ನನಗೆ ಹೇಳಿದ್ದು. ನಿಜ ಬೇರೆ. ಲೈನ್ ಬಂದ್ ಮಾಡಿಯೇ ಹತ್ತಿದ್ದ. ಯಾರದೋ ಮನೆಯ ಜನರೇಟರನ್ನು ಮನೆ ಲೈನಿಗೇ ಹೇಗೋ ಕೂಡಿಸಿದ್ದರಂತೆ. ಅಲ್ಲಿಂದ ಕರೆಂಟ್ ಹಿಂದಕ್ಕೆ ಹರಿದು ಸತ್ತ ತಂತಿಗೆ ಬಂತು. ಅದೇ ತಂತಿಯನ್ನು ಅಶ್ವಜಿತ ಹಿಡಿದ. ಇವರು ಕೆಳಗೆ ನಿಂತು ನೋಡಿದವರು. ಕಲೀಮ ಕೂಡಿಸಲು ಹೊರಟದ್ದೂ ಅದೇ ಥರ.

"ನಿನಗ ಹೇಳಿದ್ರ ದಿನಾ ಬಾಗಲದಾಗ ನಿಂತು ಅಂಜ್ತಿ ಅಂತ ಹೇಳ್ಲಿಲ್ಲಂವ," ಅಂದರು ಅತ್ತೆ.

ಮಂದಿ, ಮರ್ಯಾದೆ, ಝಗಝಗ — ಎಲ್ಲಾ ನೆಪ. ಇಷ್ಟು ವರ್ಷ ಒಬ್ಬರೇ ನುಂಗಿಕೊಂಡು ಕಂಬ ಹತ್ತಿದ್ದಾರೆ. ಅತ್ತುಬಿಟ್ಟೆ. ಕಣ್ಣು ಒರೆಸಿಕೊಂಡೆ. ಆದರೂ ಇನ್ವರ್ಟರ್ ವಾಪಸ್ ಕೊಡುವುದಿಲ್ಲ. ಅತ್ತೆಯ ಉಸಿರೂ ಬೇಕು, ಇವರ ಜೀವವೂ ಬೇಕು. ಎರಡರಲ್ಲಿ ಒಂದನ್ನೂ ಬಿಡಲಾರೆ.

ಏಪ್ರಿಲ್ 21

ಚಹಾ ಕೊಟ್ಟು ಎದುರಿಗೇ ಕೂತೆ.

"ಅತ್ತಿ ಹೇಳ್ಯಾರ."

ಕಪ್ಪು ಕೆಳಗಿಟ್ಟರು. ನಾನೇ ಶುರು ಮಾಡಿದೆ.

"ಮನಿ ಲೈನಿಗಿ ಜೋಡಸೂದ ಬ್ಯಾಡ್ರಿ. ಫ್ಯಾನ್ ಬ್ಯಾಡ, ಲೈಟ್ ಬ್ಯಾಡ. ಮಷಿನ್ ನೆಟ್ಟಗ ಇನ್ವರ್ಟರ್ ಬೆನ್ನಿಗಿ ಸಿಗಸ್ತೇನಿ. ಇನ್ವರ್ಟರದು ಒಂದ ಪ್ಲಗ್ ಗ್ವಾಡಿಗಿ, ಚಾರ್ಜ್ ಆಗಲಾಕ. ಕರೆಂಟ್ ಹೋಯ್ತು — ಆ ಪ್ಲಗ್ ಕಿತ್ತ ಕೈಯಾಗ ಹಿಡೀತೇನಿ. ಆಗ ಅದಕ್ಕೂ ನಿಮ್ಮ ತಂತಿಗೂ ನಡಬರಕ ಏನದ?"

ಯೋಚಿಸಿದರು. "ಗಾಳಿ."

"ಗಾಳ್ಯಾಗ ಹಾಯ್ತದೇನ್ರಿ ಕರೆಂಟ್?"

ಎದ್ದರು. ಹಾಗೇ ಜೋಡಿಸಿದರು. ಮೇನ್ ಬಂದ್ ಮಾಡಿ, ಪ್ಲಗ್ ಕೀಳಿಸಿ, ಟೆಸ್ಟರ್ ಹಿಡಿದು ಮನೆಯ ಒಂದೊಂದು ಸಾಕೆಟ್ ಮುಟ್ಟಿ ನೋಡಿದರು. ಮೀಟರ್ ಬಳಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಎಲ್ಲೂ ಏನೂ ಇಲ್ಲ. ಒಳಗೆ ಅತ್ತೆಯ ಮಷಿನ್ ಮಾತ್ರ ಗುಂಯ್‌ಗುಡುತ್ತಿತ್ತು.

"ಮರತ್ರ?" ಅಂತ ಕೇಳಿದರು.

"ಸಾರಿಗಿ ಉಪ್ಪ ಮರೀಬಹುದು. ಇದು ಮರಿಯಂಗಿಲ್ಲ."

ನಕ್ಕರು. ಜಯಂತಿಯ ಸಂಜೆಯಿಂದ ಮೊದಲ ಸಲ.

ಏಪ್ರಿಲ್ 29

ಕರೆಂಟ್ ಹೋಗುತ್ತದೆ, ಬರುತ್ತದೆ. ಪ್ಲಗ್ ಕೀಳುತ್ತೇನೆ, ಹಾಕುತ್ತೇನೆ. ಆಬೇದಾ ಮೊಬೈಲ್ ಚಾರ್ಜಿಗೆ ಅಂತ ಬಂದು ಬಾಗಿಲಲ್ಲೇ ನಿಂತಳು. "ಅಯ್ಯ, ಇನ್ವರ್ಟರ್ ತಂದೂ ಕತ್ತಲ್ಯಾಗ ಕುಂತೀರಿ?" ಬೀಸಣಿಗೆ ಕೊಟ್ಟು ಕೂರಿಸಿದೆ. ಸೆಖೆಯಲ್ಲಿ ಮೂವರೂ ಹರಟಿದೆವು.

ಮೇ 6, ಮಧ್ಯಾಹ್ನ

ಬೆಳಗಿನ ಜಾವ ಗಾಳಿ, ಗುಡುಗು, ಆಲಿಕಲ್ಲು. ಓಣಿಯ ತುದಿಯ ಬೇವಿನ ಕೊಂಬೆ ತಂತಿಯ ಮೇಲೆ. ಆಗಲೇ ಪ್ಲಗ್ ಕಿತ್ತೆ. ಊರ ತುಂಬ ಇದೇ ಗತಿ, ಇವರು ಇನ್ನೂ ಬೇರೆ ಓಣಿಯಲ್ಲಿ. ನಮ್ಮದು ಕೊನೆಗೆ ಅಂದರು ಫೋನಿನಲ್ಲಿ. "ಮಂದೀದು ಮೊದಲ. ಅವ್ವಾ ಹ್ಯಾಂಗದಾಳ?"

"ಅರಾಮದಾರ. ಬ್ಯಾಟರಿ ಗಟ್ಟಿ ಅದ."

ಸಿಲಿಂಡರ್ ಬೀದರಿಗೆ ತುಂಬಿಸಲು ಹೋಗಿದೆ. ಇವತ್ತೇ ಹೋಗಬೇಕಿತ್ತೆ ಅದು.

ಅದೇ ದಿನ, ಇನ್ನೂ ಸ್ವಲ್ಪ ಹೊತ್ತಾದ ಮೇಲೆ

ಬ್ಯಾಟರಿ ಬೀಪ್ ಶುರು. ಇವರು ಬಂದಿದ್ದಾರೆ. ಕಿಟಕಿಯಿಂದ ಕಾಣುತ್ತಾರೆ, ಬೇವಿನ ಪಕ್ಕದ ಕಂಬದ ಮೇಲೆ. ಹತ್ತುವ ಮೊದಲು ಕಿಟಕಿಯ ಕಡೆ ನೋಡಿದರು. ಪ್ಲಗ್ ಎತ್ತಿ ತೋರಿಸಿದೆ. ಆಮೇಲೆ ಹತ್ತಿದರು.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಪ್ಲಗ್.

ಬಲ್ಬ್ ಮಿನುಗಿತು. ಆರಿತು. ಮತ್ತೆ ಹತ್ತಿತು. ಕರೆಂಟ್ ಬಂದಿದೆ! ಕಂಬದ ಮೇಲಿನ ಫ್ಯೂಸ್ ಹಾಕಿದರೇನೋ. ಕೈ ಗೋಡೆಯ ತನಕ ಹೋಯಿತು. ತಡೆದೆ. ಇವರು ಇನ್ನೂ ಮೇಲೇ ಇದ್ದಾರೆ. ಈಗ ಹಾಕಿದೆ ಅಂತಿಟ್ಟುಕೋ, ಮತ್ತೆ ಹೋಯಿತು ಅಂತಿಟ್ಟುಕೋ, ಅವರ ಕೈ ತಂತಿಯ ಮೇಲೆ...

ಮಷಿನನ್ನೇ ನೆಟ್ಟಗೆ ಗೋಡೆಗೆ ಹಚ್ಚೋಣವೆಂದರೆ ಮಿನುಗುವ ಈ ಕರೆಂಟಿಗೆ ಅದು ಸುಟ್ಟೀತು. ಬೀಪ್ ಜೋರಾಗಿದೆ. ಅತ್ತೆಗೂ ಕೇಳುತ್ತಿದೆ. ಬಲ್ಬನ್ನೂ ನೋಡುತ್ತಿದ್ದಾರೆ, ನನ್ನ ಕೈಯನ್ನೂ ನೋಡುತ್ತಿದ್ದಾರೆ.

"ಅಂವ ಇಳದಾನೇನ?"

"ಇನ್ನೂ ಇಲ್ರಿ ಅತ್ತಿ."

"ಹಂಗಾದ್ರ ತಡಿ. ನನಗಿನ್ನಾ ಉಸರದ."

ಇಲ್ಲ, ಅಷ್ಟಿಲ್ಲ. ನನಗೆ ಗೊತ್ತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದಾರೆ, ಪ್ಲಗ್ ಇರುವ ಕೈಯನ್ನೇ, ಗಟ್ಟಿಯಾಗಿ. ಇಳೀರಿ, ಲಗೂನ ಇಳೀರಿ. ಇವರು ಬೆಲ್ಟ್ ಬಿಚ್ಚಿದರು. ಒಂದು ಕಾಲು ಕೆಳಗೆ ಬಂತು. ಇನ್ನೊಂದೂ. ನೆಲ ಮುಟ್ಟಿದರು, ಪ್ಲಗ್ —