ತುಂಬಿದ ಮೂಳೆ

ಮಾರ್ಚ್ ೧೪, ನಾರಿನ್ ಪಟ್ಟಣ

ಮಗಳು ಬೆಗಾಯಿಮ್‌ಗೆ ರಕ್ತದ ಕ್ಯಾನ್ಸರ್ ಅಂತ ಇವತ್ತು ಅತ್ತೆಗೆ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

"ರಕ್ತದಲ್ಲಾ? ನಮ್ಮ ಏಳು ತಲೆಮಾರಲ್ಲಿ ಕೆಟ್ಟ ರಕ್ತ ಇಲ್ಲಮ್ಮ!" ಅಂತ ಬೆರಳು ಮಡಚುತ್ತಾ, ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ ಇರಬೇಕಾದ ಏಳೂ ಅಜ್ಜಂದಿರ ಹೆಸರು ಹೇಳಿದರು. "ಈಗ ನಿಮ್ಮ ಕಡೇದು ಹೇಳು, ನೋಡೋಣ." ಗಾಬರಿಗೆ ನಾನು ಐದಕ್ಕೇ ನಿಂತುಬಿಟ್ಟೆ. ಗೆದ್ದವರ ಹಾಗೆ ನೋಡಿದರು. ಮೈಯೆಲ್ಲ ಉರಿದುಹೋಯಿತು.

ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಇದು ಯಾರ ವಂಶದ ದೋಷವೂ ಅಲ್ಲ. ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಬಲಿಯದ ಬಿಳಿ ಕಣಗಳು ಮಿತಿಮೀರಿ ತುಂಬಿಕೊಂಡು, ಒಳ್ಳೆಯ ಕಣಗಳು ಹುಟ್ಟೋಕೆ ಜಾಗವೇ ಇಲ್ಲ. ಕೊಯ್ದು ತೆಗೆಯೋಣ ಅಂದರೆ ಗಡ್ಡೆಯೂ ಇಲ್ಲ. 

ಊಟಕ್ಕೆ ಕುರಿಯ ನಲ್ಲಿಮೂಳೆ ಇತ್ತು, ಒಳಗೆಲ್ಲ ಮಜ್ಜೆ. ಮನೆಯ ಹಿರಿಯರಿಗೇ ಸಲ್ಲುವ ಮೂಳೆ. ಅತ್ತೆ ಅದನ್ನು ತಮ್ಮ ತಟ್ಟೆಯಿಂದ ತೆಗೆದು ಬೆಗಾಯಿಮ್ ತಟ್ಟೆಗಿಟ್ಟರು. "ತಿನ್ನು ಕಂದಾ. ನಿನ್ನ ಮೂಳೇಲಿ ಮಜ್ಜೆ ತುಂಬ್ಕೊಳ್ಳಲಿ."

ಅವಳು ಸೊರ್ ಅಂತ ಹೀರಿ, ಗಲ್ಲಕ್ಕೆಲ್ಲ ಜಿಡ್ಡು ಮಾಡಿಕೊಂಡು ನನ್ನನ್ನೇ ಕೇಳಿದಳು: "ಅಮ್ಮಾ, ಈಗ ತುಂಬ್ತಾ?"

ತುಂಬ್ತು ಅಂದೆ. ತುಂಬಿರೋದೇ ಕಾಯಿಲೆ ಅಂತ ಆ ಮುಖ ನೋಡ್ಕೊಂಡು ಹೇಗೆ ಹೇಳಲಿ?