ಗುಡಾರಕ್ಕೊಂದು ಕಿಟಕಿ

ಮಾನ್ಯ ನಿರ್ದೇಶಕರಿಗೆ ನಮಸ್ಕಾರ.

ಔಷಧ, ಕೈಗವಸು ಎಲ್ಲ ಸಾಕಷ್ಟಿವೆ. ಈ ಪತ್ರ ಒಂದು ಕಿಟಕಿಗಾಗಿ.

ಹಳೆಯ ಪಿಡುಗುಗಳ ಕಡತ ಓದಿಕೊಂಡವಳು, ನಾಲ್ಕಾರು ದೇಶಗಳ ಜ್ವರದ ಶಿಬಿರ ಕಂಡವಳು ಎಂದು ನನ್ನನ್ನು ಇಲ್ಲಿಗೆ ಕಳಿಸಿದಿರಿ. ಜನ ರೋಗಿಗಳನ್ನು ಬಚ್ಚಿಡುತ್ತಿದ್ದರು. ಅವರನ್ನು ಒಪ್ಪಿಸುವುದು ನನ್ನ ಕೆಲಸ. ಬಟ್ಟೆ ಹೊಲಿಯುವ ಒಬ್ಬಾಕೆ ಜ್ವರ ಬಂದ ಮಗಳನ್ನು ಅಟ್ಟದ ಮೇಲೆ ಮಲಗಿಸಿದ್ದಳು.

"ನಮ್ಮಜ್ಜಿ ಕಾಲದಲ್ಲೂ ಹೀಗೇ ಕರ್ಕೊಂಡು ಹೋದ್ರು. ಹೋದವರ ಮುಖ ಮತ್ತೆ ಯಾರೂ ನೋಡ್ಲಿಲ್ಲ," ಎಂದಳು.

ಅದು ನಿಜವೆಂದು ನಾನು ಓದಿದ್ದೆ. ಹಾಗೇ ಹೇಳಿದೆ. "ಈಗ ಹಾಗಾಗಲ್ಲಮ್ಮ," ಎಂದೂ ಸೇರಿಸಿದೆ. ಅವಳ ಅಜ್ಜಿಯ ಮಾತನ್ನು ಸುಳ್ಳೆನ್ನದೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲವೇನೋ, ನಂಬಿ ಮಗಳನ್ನು ಕೆಳಗಿಳಿಸಿ, ರೋಗಿಗಳನ್ನಿಡುವ ಶಿಬಿರದ ಗುಡಾರಕ್ಕೆ ಕಳಿಸಿದಳು.

ಹುಡುಗಿ ಮರುದಿನವೇ ತೀರಿಕೊಂಡಳು. ನಿಯಮದಂತೆ ಚೀಲದಲ್ಲಿ ಮುಚ್ಚಿ ಮಣ್ಣು ಮಾಡಿದರು. ಶಿಬಿರದ ಬೇಲಿಯಾಚೆ ನಿಂತಿದ್ದ ತಾಯಿ ನನ್ನನ್ನು ಕೇಳಿದಳು: "ಅದರೊಳಗೆ ಇದ್ದದ್ದು ನನ್ನ ಮಗಳೇನಾ? ನೀವು ನೋಡಿದ್ರಾ?"

ಗುಡಾರದೊಳಗೆ ಹೋಗಲು ನನಗೂ ಅನುಮತಿ ಇರಲಿಲ್ಲ.

ಈಗ ಅವಳು ಮನೆಮನೆಗೆ ಹೋಗಿ, "ಯಾರನ್ನೂ ಬಿಟ್ಕೊಡಬೇಡಿ," ಎನ್ನುತ್ತಿದ್ದಾಳೆ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿವೆ. ನಿನ್ನೆ ಒಂದೇ ಮನೆಯಿಂದ ಮೂರು ಹೆಣ ಹೊರಬಂದವು.

ಗುಡಾರದ ಬೇಲಿ ಕಡೆಯ ಬಟ್ಟೆ ಕತ್ತರಿಸಿ, ಆಚೆಯಿಂದ ಕಾಣುವಂಥ ದಪ್ಪ ಪ್ಲಾಸ್ಟಿಕ್ ಹಾಕಿಸಲು ಅಪ್ಪಣೆ ಕೊಡಿ. ಬದುಕಿದ್ದಾಗಲೂ ಸತ್ತ ಮೇಲೂ ಮನೆಯವರು ಮುಖ ನೋಡಲಿ. ಅರ್ಧ ದಿನದ ಕೆಲಸ ಎಂದು ಬಡಗಿ ಹೇಳುತ್ತಾನೆ.

ವರದಿಗೆ ಇತಿಹಾಸದ ಅಧ್ಯಾಯ ಕೇಳಿದ್ದೀರಿ. ಬರೆದುಕೊಡುತ್ತೇನೆ. ಆದರೆ ನಿಮ್ಮ ಅಪ್ಪಣೆ ಬರುವವರೆಗೆ ಇಲ್ಲಿ ಯಾರ ಬಾಗಿಲನ್ನೂ ತಟ್ಟಲಾರೆ. ತೆಗೆದರೆ ಏನು ಹೇಳಲಿ?

ಇಂತಿ,
ಶಿಬಿರದ ಸಂಶೋಧಕಿ